ಬೆಂಡು ಕುಣಿದರೆ ಸುಮ್ನಿರಿ, ಜಾರಿದರೆ ಎಳೆಯಿರಿ

ಹಾಸನದಲ್ಲಿ ಮೀನು ಅಂದರೆ ಶಿರಾಡಿ ಘಾಟಿ ಹತ್ತಿ ಬರುವ ಬಂಗುಡೆ, ಬೂತಾಯಿ. ನಮ್ಮದೇ ಹೇಮಾವತಿ ಹಿನ್ನೀರಿನ ಜಿಲೇಬಿ ಮೀನಿಗೆ, ಅಂದರೆ ತಿಲಾಪಿಯಾಗೆ, ಮೂಗು ಮುರಿಯುವವರೇ ಜಾಸ್ತಿ. ಆದರೆ ಗಾಳ ಹಾಕುವುದನ್ನು ಕಲಿಯಲು ಇದಕ್ಕಿಂತ ಒಳ್ಳೆ ಮೇಷ್ಟ್ರು ಇನ್ನೊಬ್ಬರಿಲ್ಲ. ದಡದ ಹತ್ತಿರವೇ ಇರುತ್ತದೆ, ಹಗಲಲ್ಲೇ ಕಚ್ಚುತ್ತದೆ, ತಪ್ಪು ಮಾಡಿದರೆ ಎರೆ ತಿಂದು ಹೋಗಿ ಪಾಠ ಕಲಿಸುತ್ತದೆ.

ಮೊದಲು ಅನುಮತಿ. ಊರಿನ ಕೆರೆಯಾದರೆ ಮೀನಿನ ಟೆಂಡರ್ ಹಿಡಿದವರನ್ನು ಒಂದು ಮಾತು ಕೇಳಿ. ಹಿನ್ನೀರಾದರೆ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಅಣೆಕಟ್ಟೆಯ ಹತ್ತಿರ ಮಾತ್ರ ಹೋಗಲೇಬೇಡಿ.

ಸಾಮಾನಿಗೆ ಹೆಚ್ಚು ದುಡ್ಡು ಬೇಡ. ಹತ್ತು ಹನ್ನೆರಡು ಅಡಿಯ, ತುದಿ ಬಳುಕುವ ಬಿದಿರು ಕೋಲು. ಕೋಲಿನಷ್ಟೇ ಉದ್ದದ ತೆಳು ನೈಲಾನ್ ದಾರ. ನೀರಿನ ಮೇಲೆ ತೇಲಲು ಒಂದು ಬೆಂಡು, ಕಾಳಿನಷ್ಟು ಸೀಸ, ಒಂದು ಕೊಕ್ಕೆ. ಎಲ್ಲರೂ ಎಡವುವುದು ಈ ಕೊಕ್ಕೆಯಲ್ಲೇ. ಜಿಲೇಬಿಯ ಬಾಯಿ ಚಿಕ್ಕದು, ದೊಡ್ಡ ಕೊಕ್ಕೆ ಅದರೊಳಗೆ ಹೋಗುವುದೇ ಇಲ್ಲ. ಅಂಗಡಿಯಲ್ಲಿ 10 ಅಥವಾ 12ನೇ ನಂಬರಿನದು ಕೇಳಿ. ನಂಬರ್ ಹೆಚ್ಚಿದಷ್ಟೂ ಕೊಕ್ಕೆ ಸಣ್ಣದು, ಇದು ಗೊತ್ತಿಲ್ಲದೆ ನಾನು ಮೊದಲ ಸಲ ಉಲ್ಟಾ ತಂದಿದ್ದೆ. ದಾರವನ್ನು ಕೊಕ್ಕೆಯ ಕಣ್ಣಿಗೆ ಪೋಣಿಸಿ, ತುದಿಯನ್ನು ಅದೇ ದಾರಕ್ಕೆ ಐದಾರು ಸುತ್ತು ಸುತ್ತಿ, ಕಣ್ಣಿನ ಬಳಿಯ ಕುಣಿಕೆಯೊಳಗೆ ತೂರಿಸಿ. ಬಿಗಿಯುವ ಮುಂಚೆ ಗಂಟನ್ನು ಒದ್ದೆ ಮಾಡಿ. ಒಣಗಂಟು ಎಳೆದರೆ ದಾರ ಉಜ್ಜಿ ಸವೆಯುತ್ತದೆ.

ಎರೆಗೆ ತಿಪ್ಪೆಯ ಬುಡ ಕೆದಕಿದರೆ ಸಾಕು, ಹುಳ ಸಿಗುತ್ತದೆ. ಹಸಿ ಮಣ್ಣಿನ ಜೊತೆ ಕರಟದಲ್ಲಿ ಹಾಕಿ ನೆರಳಲ್ಲಿಡಿ. ಕೊಕ್ಕೆಗೆ ಇಡೀ ಹುಳ ಬೇಡ, ಅರ್ಧ ಇಂಚಿನ ತುಂಡು ಸಾಕು. ತುದಿ ನೇತಾಡುತ್ತಿದ್ದರೆ ಮೀನು ಅದನ್ನಷ್ಟೇ ಕಿತ್ತು ತಿನ್ನುತ್ತದೆ. ಹುಳ ಮುಟ್ಟಲು ಅಸಹ್ಯ ಅನ್ನುವವರು ನಿನ್ನೆಯ ರಾಗಿ ಮುದ್ದೆಗೆ ಸ್ವಲ್ಪ ಮೈದಾ ಸೇರಿಸಿ, ಚೆನ್ನಾಗಿ ನಾದಿ, ಕಡಲೆಕಾಳಿನ ಗಾತ್ರದ ಉಂಡೆ ಮಾಡಿಕೊಳ್ಳಿ. ದಡದ ಬಳಿ ಒಂದು ಹಿಡಿ ಕಡ್ಲೆಕಾಯಿ ಹಿಂಡಿಯ ಪುಡಿ ಚೆಲ್ಲಿ ಹತ್ತು ನಿಮಿಷ ಕಾದರೆ ಇನ್ನೂ ಒಳ್ಳೆಯದು.

ಜಾಗ ಹುಡುಕುವುದೇ ಅರ್ಧ ಕೆಲಸ. ಶೆಟ್ಟಿಹಳ್ಳಿಯ ಹಳೇ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಪೂರ್ತಿ ಹೊರಗೆ ಬರುತ್ತದಲ್ಲ, ಹಿನ್ನೀರಿನ ಅಂಚು ಅಷ್ಟು ದೂರ ಸರಿಯುತ್ತದೆ. ಹೋದ ತಿಂಗಳು ಮೀನು ಸಿಕ್ಕ ಜಾಗ ಈ ತಿಂಗಳು ಒಣ ನೆಲ. ಹಾಗಾಗಿ ಜಾಗವನ್ನಲ್ಲ, ಗುರುತನ್ನು ನೆನಪಿಡಿ. ತಿಳಿ ನೀರಿನ ತಳದಲ್ಲಿ ತಟ್ಟೆಯಂಥ ದುಂಡು ಗುಂಡಿಗಳು ಕಂಡರೆ ಅದು ಜಿಲೇಬಿಯ ಗೂಡು. ಗಂಡು ಮೀನು ತೋಡಿದ್ದು. ಮೊಟ್ಟೆ ಇಟ್ಟ ಮೇಲೆ ಹೆಣ್ಣು ಅವನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಈ ಮೀನಿಗೆ ಚಳಿ ಆಗದು. ಡಿಸೆಂಬರ್‌ನಲ್ಲಿ ಬೆಳಗಿನ ಜಾವ ಹೋಗಿ ನಡುಗುವುದು ದಂಡ, ಬಿಸಿಲು ಏರಲಿ. ಬೇಸಿಗೆಯಾದರೆ ಬೆಳಿಗ್ಗೆ ಬೇಗ ಹೋಗಬಹುದು. ಕಾಲಿಡುವ ಮುಂಚೆ ಕೋಲಿನಿಂದ ಕೆಸರು ಚುಚ್ಚಿ ನೋಡಿ, ಗಟ್ಟಿ ಕಂಡರೂ ಮೊಣಕಾಲು ಹೂತುಹೋಗುವ ಜಾಗಗಳಿವೆ.

ಮೊದಲು ಎರೆ ತಳಕ್ಕಿಂತ ಒಂದು ಗೇಣು ಮೇಲೆ ನಿಲ್ಲುವಂತೆ ಬೆಂಡು ಸರಿಸಿ. ಕಚ್ಚದಿದ್ದರೆ ಎರೆಯನ್ನು ಇನ್ನೂ ಮೇಲಕ್ಕೆ ತನ್ನಿ. ದಾರವನ್ನು ದೂರ ಎಸೆಯುವ ಆಸೆ ಬೇಡ. ನಿಮ್ಮ ನೆರಳು ನೀರಿನ ಮೇಲೆ ಬೀಳದಂತೆ ಕೂತುಕೊಳ್ಳಿ.

ಈಗ ಬೆಂಡು ಟುಕು ಟುಕು ಕುಣಿಯುತ್ತದೆ. ಕೈ ತುರಿಸುತ್ತದೆ, ಅಲ್ವಾ? ತಡೆಯಿರಿ. ಮೀನು ಮೂತಿಯಲ್ಲಿ ಮುಟ್ಟಿ ನೋಡುತ್ತಿದೆ ಅಷ್ಟೇ. ಬೆಂಡು ಪಕ್ಕಕ್ಕೆ ಜಾರಿದಾಗ ಅಥವಾ ಮುಳುಗಿ ಹೊರಟಾಗ ಮಣಿಕಟ್ಟಿನಿಂದ ಚಿಕ್ಕದಾಗಿ ಎತ್ತಿ. ಇಡೀ ತೋಳು ಬೀಸಿದರೆ ಕೊಕ್ಕೆ ಹಿಂದಿನ ಹೊಂಗೆ ಮರದಲ್ಲಿರುತ್ತದೆ. ನನ್ನದು ಒಮ್ಮೆ ಭಾವನ ಬನಿಯನ್ನಿಗೇ ಸಿಕ್ಕಿತ್ತು, ಅವತ್ತಿನ ದೊಡ್ಡ ಬೇಟೆ ಅದೇ.

ಸಿಕ್ಕ ಮೀನನ್ನು ಹಾಗೇ ಹಿಡಿಯಬೇಡಿ, ಬೆನ್ನ ಮುಳ್ಳು ಚುಚ್ಚುತ್ತದೆ. ಅಂಗೈಯನ್ನು ತಲೆಯಿಂದ ಬಾಲದ ಕಡೆಗೆ ಸವರಿ ಮುಳ್ಳು ಮಲಗಿಸಿ, ಆಮೇಲೆ ಬಿಗಿಹಿಡಿಯಿರಿ. ಒಂದು ಕೆರೆಯದನ್ನು ಜೀವಂತ ಒಯ್ದು ಇನ್ನೊಂದು ಕೆರೆಗೋ ಬಾವಿಗೋ ಬಿಡಲೇಬೇಡಿ. ಇದು ಆಫ್ರಿಕಾ ಮೂಲದ ಮೀನು, 1952ರಲ್ಲಿ ನಮ್ಮ ದೇಶಕ್ಕೆ ತಂದರು. ಹೋದಲ್ಲೆಲ್ಲ ಬೇಗ ಮರಿ ಮಾಡಿ ಊರ ಮೀನುಗಳ ಜಾಗ ಕಬಳಿಸುತ್ತದೆ. ತುಂಡಾದ ನೈಲಾನ್ ದಾರವನ್ನೂ ಬಿಟ್ಟು ಬರಬೇಡಿ, ಕೊಕ್ಕರೆಯ ಕಾಲಿಗೆ ಸುತ್ತಿಕೊಳ್ಳುತ್ತದೆ.

ಇನ್ನು ಆ ಕೆಸರು ವಾಸನೆ. ಹುರುಪೆ ತೆಗೆದು ಹೊಟ್ಟೆ ಸೀಳಿದಾಗ ಒಳಗೆ ಕಪ್ಪು ಪೊರೆ ಕಾಣುತ್ತದೆ. ಅದನ್ನು ಉಜ್ಜಿ ಪೂರ್ತಿ ತೆಗೆಯಿರಿ, ಕಿವಿರನ್ನೂ ಕಿತ್ತುಹಾಕಿ. ಕಲ್ಲುಪ್ಪು, ಹುಣಸೆಹಣ್ಣು ಹಾಕಿ ತಿಕ್ಕಿ ಎರಡು ಸಲ ತೊಳೆಯಿರಿ. ಸಾರಿಗೆ ಹುಳಿ ಸ್ವಲ್ಪ ಮುಂದಿರಲಿ. ಮೀನು ಹಾಕಿದ ಮೇಲೆ ಸೌಟು ಆಡಿಸಬೇಡಿ, ಪಾತ್ರೆಯನ್ನೇ ಹಿಡಿದು ಅಲ್ಲಾಡಿಸಿ.