ಪಿಕ್ ಬಿಟ್ಟ ಕಡೆ ಸ್ವಿಂಗ್ ಸಿಕ್ಕಿತು: ಜಾಝ್ ಗಿಟಾರ್ ಅಭ್ಯಾಸದ ನನ್ನ ಅನುಭವ

ಸೋಮವಾರಪೇಟೆಯ ಬಳಿ ಸಣ್ಣ ಕಾಫಿ ತೋಟವೊಂದನ್ನು ನೋಡಿಕೊಂಡಿರುವ ನನಗೆ ಗಿಟಾರ್ ಹಿಡಿದು ನೆಮ್ಮದಿಯಿಂದ ಕೂರಲು ಸಾಧ್ಯವಾಗುವುದು ಮಳೆಗಾಲದಲ್ಲಿ ಮಾತ್ರ. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲವಾದ್ದರಿಂದ, ಆಂಪ್ಲಿಫೈಯರ್ ನೆಚ್ಚಿಕೊಳ್ಳದೆ ಅಭ್ಯಾಸ ಮಾಡುವುದು ನನಗೆ ರೂಢಿಯಾಗಿದೆ. ಸ್ಕೇಲುಗಳು ಬಾಯಿಪಾಠವಾಗಿದ್ದವು, ಬೆರಳುಗಳೂ ಸಾಕಷ್ಟು ವೇಗವಾಗಿಯೇ ಓಡುತ್ತಿದ್ದವು. ಆದರೂ ಮನೋಧರ್ಮದಿಂದ ಏನನ್ನಾದರೂ ನುಡಿಸಲು ಹೊರಟರೆ, ತೋಟದ ದಾರಿಯಲ್ಲಿ ಜೀಪು ಹೊಂಡಕ್ಕಿಳಿದು ಹತ್ತಿದಂತೆ ಸ್ವರಗಳ ಸಾಲುಗಳು ಎತ್ತಿಹಾಕುತ್ತಿದ್ದವು.

ಮೊಬೈಲಿನಲ್ಲಿ ಮುದ್ರಿಸಿಟ್ಟದ್ದನ್ನು ಒಮ್ಮೆ ನನ್ನ ಹೆಂಡತಿಯ ತಮ್ಮನಿಗೆ ಕೇಳಿಸಿದೆ. ಮೃದಂಗ ಕಲಿತ ಅವನಿಗೆ ಜಾಝ್‌ನ ಪರಿಚಯ ಅಷ್ಟಾಗಿ ಇಲ್ಲ. "ಭಾವ, ಉದ್ದದ ಸ್ವರವನ್ನು ನೀವು ಪೂರ್ತಿ ಹಿಡಿಯೋದೇ ಇಲ್ಲ, ಅರ್ಧಕ್ಕೇ ಕಡಿದುಬಿಡ್ತೀರಿ" ಎಂದ. ಜಾಝ್ ಲಯದ ತೂಗಾಟವಾದ ಸ್ವಿಂಗ್ ಎಂದರೆ ಒಂದು ಸ್ವರ ಉದ್ದ, ಒಂದು ಗಿಡ್ಡ ಎಂದಷ್ಟೇ ತಿಳಿದಿದ್ದ ನಾನು ಅದನ್ನು ಅತಿಮಾಡಿ, ಪ್ರತಿ ಸ್ವರವನ್ನೂ ತಂತಿ ಮೀಟುವ ಸಣ್ಣ ಬಿಲ್ಲೆಯಾದ ಪಿಕ್‌ನಿಂದ ಕುಟ್ಟುತ್ತಿದ್ದೆ.

ಅವನು ತಿಶ್ರ ನಡೆಯಿಂದ ಆರಂಭಿಸಿದ. 'ತಕಿಟ' ಎಂಬ ಮೂರು ಮಾತ್ರೆಗಳಲ್ಲಿ ನಡುವಿನ 'ಕಿ'ಯನ್ನು ಬಿಟ್ಟು, ಮೊದಲಿನ 'ತ'ವನ್ನು ಅದರ ಜಾಗವೂ ತುಂಬುವಂತೆ ಎಳೆದರೆ 'ತಾ-ಟ, ತಾ-ಟ' ಎಂದಾಗುತ್ತದೆ. ಮಧ್ಯಮ ವೇಗದ ಸ್ವಿಂಗ್ ಹೆಚ್ಚುಕಡಿಮೆ ಇದೇ ಅಳತೆಯದು. ಆದರೆ ಇದನ್ನು ಸೂತ್ರವೆಂದು ಹಿಡಿಯಬಾರದು. ವೇಗ ಏರಿದಂತೆ ಎರಡು ಸ್ವರಗಳ ಉದ್ದದಲ್ಲಿನ ವ್ಯತ್ಯಾಸ ತಗ್ಗಿ, ಬಹಳ ವೇಗದಲ್ಲಿ ಅವು ಬಹುತೇಕ ಸಮವೇ ಆಗುತ್ತವೆ. ನಾನು ಎಲ್ಲ ವೇಗದಲ್ಲಿಯೂ ಒಂದೇ ಕುಂಟುನಡಿಗೆಯನ್ನು ಉಳಿಸಿಕೊಂಡಿದ್ದೆ.

ಅನಂತರ ಸಮನಾದ ಏಟುಗಳಿಂದ ವೇಗ ತೋರಿಸುವ ಯಂತ್ರವಾದ ಮೆಟ್ರೊನೋಮ್ ಬಳಸುವ ರೀತಿಯನ್ನು ಬದಲಿಸಿದೆ. ಅದನ್ನು ನಿಮಿಷಕ್ಕೆ 50 ಏಟಿಗೆ ಇಟ್ಟು, ಆ ಏಟುಗಳನ್ನು ನಾಲ್ಕೆಣಿಕೆಯ ಆವರ್ತದ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳೆಂದು ಕೇಳಿಸಿಕೊಂಡರೆ ನಿಜವಾದ ವೇಗ 100 ಆಗುತ್ತದೆ. ಜಾಝ್ ಡ್ರಮ್ಮರು ಹೈಹ್ಯಾಟ್ ಎಂಬ ಜೋಡಿ ತಾಳದ ತಟ್ಟೆಗಳನ್ನು ಕಾಲಿನಿಂದ ಮುಚ್ಚುವುದೂ ಸಾಮಾನ್ಯವಾಗಿ ಈ ಎರಡು ಎಣಿಕೆಗಳಲ್ಲಿಯೇ. ಒಂದನೆಯ ಎಣಿಕೆಯನ್ನು ಯಂತ್ರ ಹೇಳಿಕೊಡುವುದಿಲ್ಲ, ಅದನ್ನು ನಾವೇ ಹೊತ್ತುಕೊಂಡಿರಬೇಕು. ಮೊದಮೊದಲು ನನ್ನ ಕಿವಿ ಮತ್ತೆ ಮತ್ತೆ ಜಾರಿ ಆ ಏಟನ್ನೇ ಒಂದೆಂದು ಎಣಿಸುತ್ತಿತ್ತು. ಹಾಗಾಗಿ ಎರಡು ವಾರ ಗಿಟಾರ್ ಮುಟ್ಟದೆ, ಬಾಯಲ್ಲಿ 'ತಾ-ಟ' ಹೇಳುತ್ತ ತೊಡೆಯ ಮೇಲೆ ತಾಳ ಹಾಕಿದೆ. ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದಿಗೆ ಮೆಟ್ರೊನೋಮ್ ಕೇಳಿಸದೆ ಇಯರ್‌ಫೋನ್ ಹಾಕಿಕೊಳ್ಳಬೇಕಾಯಿತು.

ನಿಜವಾದ ಗಂಟು ಇದ್ದದ್ದು ಎಡಗೈಯಲ್ಲಿ. ಗಿಡ್ಡ ಸ್ವರವಾದ 'ಟ'ವನ್ನು ಮಾತ್ರ ಪಿಕ್‌ನಿಂದ ಮೀಟಿ, ಮುಂದಿನ ಎಣಿಕೆಯ ಮೇಲೆ ಬೀಳುವ 'ತಾ'ವನ್ನು ಹ್ಯಾಮರ್ ಆನ್ (ಎಡಗೈ ಬೆರಳನ್ನು ತಂತಿಯ ಮೇಲೆ ಬಡಿಯುವುದು), ಪುಲ್ ಆಫ್ (ಬೆರಳಿನಿಂದ ತಂತಿಯನ್ನು ಎಳೆದು ಬಿಡುವುದು) ಅಥವಾ ಜಾರುವ ಬೆರಳಿನಿಂದ ಹೊರಡಿಸಿದರೆ, ಒತ್ತು ತಾನಾಗಿಯೇ 'ಟ'ದ ಮೇಲೆ ಬೀಳುತ್ತದೆ, ಸಾಲೂ ಕಡಿಯುವುದಿಲ್ಲ. ಹಾಗೆ ಮಾಡಬೇಕಾದರೆ ಆ ಎರಡು ಸ್ವರಗಳು ಒಂದೇ ತಂತಿಯ ಮೇಲಿರಬೇಕು. ಆದ್ದರಿಂದ ಯಾವ ಸ್ವರವನ್ನು ಯಾವ ತಂತಿಯಲ್ಲಿ, ಯಾವ ಬೆರಳಿನಿಂದ ಹಿಡಿಯಬೇಕೆಂಬುದು ಬರಿಯ ಅನುಕೂಲದ ಪ್ರಶ್ನೆಯಲ್ಲ, ಲಯದ ಪ್ರಶ್ನೆಯೇ ಹೌದು. ಇದು ಹೊಳೆಯಲು ನನಗೆ ಮೂರು ಮಳೆಗಾಲ ಹಿಡಿಯಿತು.

ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್ ಎಂಬ ಕಾರ್ಡುಗಳ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಂಪುಗಳ, ಸರಣಿಯನ್ನೇ ನೋಡಿ. ಮೊದಲ ಕಾರ್ಡಿನ ಸಿ ಸ್ವರ (ತೆಳುವಾದ ತಂತಿಯಿಂದ ಎಣಿಸಿದರೆ) ಮೂರನೆಯ ತಂತಿಯ ಐದನೆಯ ಫ್ರೆಟ್ಟಿನಲ್ಲಿ, ಅಂದರೆ ಗಿಟಾರಿನ ಕತ್ತಿನ ಐದನೆಯ ಮನೆಯಲ್ಲಿ, ಇದೆ. ಎರಡನೆಯ ಕಾರ್ಡಿಗೆ ಬೇಕಾದ ಬಿ ಅದರ ಹಿಂದಿನ, ಅಂದರೆ ನಾಲ್ಕನೆಯ, ಫ್ರೆಟ್ಟಿನಲ್ಲಿದೆ. ಹಿಂದೆ ನಾನು ಬೆರಳೆತ್ತಿ ಎರಡನ್ನೂ ಬೇರೆಬೇರೆಯಾಗಿ ಮೀಟುತ್ತಿದ್ದೆ. ಈಗ ಸಿಯನ್ನು ಆವರ್ತದ ಕೊನೆಯ 'ಟ'ದಲ್ಲಿ ಮೀಟಿ, ತೋರುಬೆರಳನ್ನು ಎತ್ತದೆ ಹಿಂದಕ್ಕೆ ಜಾರಿಸುತ್ತೇನೆ. ಅಲ್ಲಿಗೆ ಅಂಗೈ ನಾಲ್ಕನೆಯ ಫ್ರೆಟ್ಟಿಗೆ ಬಂದು ನೆಲೆಸಿರುತ್ತದೆ. ಮುಂದಿನ ತಿರುವಿನಲ್ಲಿ ಎರಡನೆಯ ತಂತಿಯ ಆರನೆಯ ಫ್ರೆಟ್ಟಿನ ಎಫ್‌ ಉಂಗುರ ಬೆರಳಿಗೆ ತಾನಾಗಿ ಸಿಗುತ್ತದೆ. ಅದನ್ನು ಎಳೆದು ಬಿಟ್ಟರೆ ಐದನೆಯ ಫ್ರೆಟ್ಟಿನಲ್ಲಿ ಕಾದಿರುವ ನಡುಬೆರಳಿನಿಂದ ಇ ಹೊರಡುತ್ತದೆ, ಸರಿಯಾಗಿ ಸಿ ಕಾರ್ಡಿನ ಮೊದಲ ಎಣಿಕೆಯ ಮೇಲೆ.

ಪ್ರತಿ ಜೋಡಿಯನ್ನೂ ಹೀಗೆ ಜಾರಿಸಿದರೆ ಸಾಲು ಬಾಯೊಳಗೆ ಗೊಣಗಿದಂತೆ ಕೇಳುತ್ತದೆ. ನಾಲ್ಕು ಜೋಡಿಗಳಲ್ಲಿ ಎರಡನ್ನು ನಾನು ಈಗಲೂ ಮೀಟಿಯೇ ನುಡಿಸುತ್ತೇನೆ. 1928ರ ಬೆಂಕಿ ಅವಘಡದಲ್ಲಿ ಎಡಗೈಯ ಎರಡು ಬೆರಳುಗಳ ಚಲನೆ ಕುಂದಿದ ಮೇಲೂ ಜಾಝ್ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಏಕವಾದನವನ್ನು ಮುಖ್ಯವಾಗಿ ಉಳಿದೆರಡು ಬೆರಳುಗಳಿಂದಲೇ ನುಡಿಸಿದರು, ಮತ್ತೊಬ್ಬ ಜಾಝ್ ಗಿಟಾರ್ ವಾದಕ ವೆಸ್ ಮಾಂಟ್ಗೊಮರಿ ಪಿಕ್ಕನ್ನೇ ಬಿಟ್ಟು ಹೆಬ್ಬೆರಳಿನಿಂದ ಮೀಟಿದರು. ಅದನ್ನು ನೆನೆದರೆ, ಹತ್ತೂ ಬೆರಳು ನೆಟ್ಟಗಿರುವ ನನ್ನ ದೂರುಗಳ ಬಗ್ಗೆ ನನಗೇ ನಾಚಿಕೆಯಾಗುತ್ತದೆ.

ತೇವಕ್ಕೆ ತಂತಿ ಬೇಗ ತುಕ್ಕು ಹಿಡಿದರೆ ಬೆರಳು ಜಾರುವುದೇ ಇಲ್ಲ. ಆದ್ದರಿಂದ ನುಡಿಸಿದ ಕೂಡಲೇ ಒಣಬಟ್ಟೆಯಿಂದ ಒರೆಸಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಿಟಾರನ್ನು ಪೆಟ್ಟಿಗೆಯಲ್ಲಿಡುತ್ತೇನೆ.

ಈ ವರ್ಷ ಅದೇ ಸಾಲನ್ನು ನಾಲ್ಕನೆಯ ಮತ್ತು ಮೂರನೆಯ ತಂತಿಗಳಿಗೆ ಒಯ್ದಿದ್ದೇನೆ. ಅಲ್ಲಿ ಸಿ, ಬಿ ಸ್ವರಗಳು ನಾಲ್ಕನೆಯ ತಂತಿಯ ಹತ್ತು ಮತ್ತು ಒಂಬತ್ತನೆಯ ಫ್ರೆಟ್ಟುಗಳಲ್ಲಿವೆ. ಎಫ್‌, ಇ ಸ್ವರಗಳೂ ಮೂರನೆಯ ತಂತಿಯ ಅದೇ ಫ್ರೆಟ್ಟುಗಳಲ್ಲಿವೆ. ಮೂರನೆಯ ಮತ್ತು ಎರಡನೆಯ ತಂತಿಗಳ ನಡುವಿನ ಶ್ರುತಿಯ ಅಂತರ ಉಳಿದ ತಂತಿಗಳಿಗಿಂತ ಒಂದು ಫ್ರೆಟ್ಟಿನಷ್ಟು ಕಡಿಮೆಯಿರುವುದರಿಂದ ಆಕಾರ ಹೀಗೆ ಬದಲಾಗುತ್ತದೆ. ಎಫ್‌ ಸ್ವರಕ್ಕೆ ನಡುಬೆರಳು ಬರಬೇಕಾದ ಕಡೆ ಹಳೆಯ ಅಭ್ಯಾಸದಿಂದ ಉಂಗುರ ಬೆರಳೇ ಮುನ್ನುಗ್ಗುತ್ತದೆ, ಸಾಲು ಅಲ್ಲೇ ತಟ್ಟನೆ ನಿಲ್ಲುತ್ತದೆ. ಮೆಟ್ರೊನೋಮನ್ನು ಮತ್ತೆ 40ಕ್ಕೆ ಇಳಿಸಿದ್ದೇನೆ.