ಹವ್ಯಾಸಿ ಛಾಯಾಗ್ರಾಹಕರಿಗೆ ಫೋಟೊ ಎಡಿಟಿಂಗ್ ತಂತ್ರಾಂಶ: ಆರಿಸುವುದು ಹೇಗೆ, ಬಳಸುವುದು ಹೇಗೆ

ಯಕ್ಷಗಾನ ಬಯಲಾಟಕ್ಕೆ ಕ್ಯಾಮೆರಾ ಹಿಡಿದು ಹೋದ ಹವ್ಯಾಸಿಯೊಬ್ಬರು ಬೆಳಗಿನ ಜಾವ ಮನೆಗೆ ಮರಳುವಾಗ ಅವರ ಕಾರ್ಡಿನಲ್ಲಿ ಐದಾರುನೂರು ಚಿತ್ರಗಳಿರುವುದು ಅಪರೂಪವೇನಲ್ಲ. ಅವುಗಳಲ್ಲಿ ಉಳಿಸಿಕೊಳ್ಳಲು ಯೋಗ್ಯವಾದವು ಮೂವತ್ತೋ ನಲವತ್ತೋ ಇರಬಹುದು. ಹಾಗಾಗಿ ತಂತ್ರಾಂಶವನ್ನು ಆರಿಸುವಾಗ ಅದು ಆಕಾಶವನ್ನು ಎಷ್ಟು ನೀಲಿ ಮಾಡುತ್ತದೆ ಎಂಬುದಕ್ಕಿಂತ ಮೊದಲು, ಐನೂರು ಚಿತ್ರಗಳನ್ನು ಬೇಸರವಿಲ್ಲದೆ ಜಾಲಾಡಲು ಬಿಡುತ್ತದೆಯೇ ಎಂದು ನೋಡಬೇಕು. ಒಂದೇ ಭಂಗಿಯ ನಾಲ್ಕು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು, ಕಣ್ಣಿನ ಮೇಲೆ ಫೋಕಸ್ ಸರಿಯಾಗಿ ಕೂತದ್ದು ಯಾವುದೆಂದು ಹಿಗ್ಗಿಸಿ ನೋಡಿ, ನಕ್ಷತ್ರದ ಗುರುತು ಹಾಕಿ, ಉಳಿದವನ್ನು ತಳ್ಳಿಬಿಡುವ ಈ ಕೆಲಸಕ್ಕೇ ಹವ್ಯಾಸಿಯ ಅರ್ಧ ಸಮಯ ಹೋಗುತ್ತದೆ.

ಈ ದೃಷ್ಟಿಯಿಂದ ತಂತ್ರಾಂಶಗಳಲ್ಲಿ ಎರಡು ಜಾತಿ. ಫೋಟೊಶಾಪ್ ಮತ್ತು ಗಿಂಪ್ ಒಂದು ಚಿತ್ರವನ್ನು ಮುಂದಿಟ್ಟುಕೊಂಡು ಪದರ ಪದರವಾಗಿ ಕೆಲಸ ಮಾಡಲು ಹೇಳಿ ಮಾಡಿಸಿದವು. ಲೈಟ್‌ರೂಮ್ ಕ್ಲಾಸಿಕ್, ಡಾರ್ಕ್‌ಟೇಬಲ್, ಕ್ಯಾಪ್ಚರ್ ಒನ್ ಮುಂತಾದವು ಚಿತ್ರಗಳ ರಾಶಿಯನ್ನೇ ಸಂಭಾಳಿಸುತ್ತವೆ. ಮೂಲ ಕಡತವನ್ನು ಮುಟ್ಟದೆ, ನೀವು ಮಾಡಿದ ತಿದ್ದುಪಡಿಗಳನ್ನು ಬೇರೆಯೇ ಬರೆದಿಟ್ಟುಕೊಳ್ಳುತ್ತವೆ. ಹೊಸಬರಲ್ಲಿ ಹೆಚ್ಚಿನವರು ಹೆಸರು ಕೇಳಿದ ಕಾರಣಕ್ಕೆ ಫೋಟೊಶಾಪ್‌ನಿಂದ ಆರಂಭಿಸಿ, ಎರಡು ತಿಂಗಳಲ್ಲಿ ಸೋತು ಕೈಬಿಡುತ್ತಾರೆ. ಮೊದಲು ಎರಡನೆಯ ಜಾತಿಯದನ್ನು ಕಲಿಯುವುದು ಒಳ್ಳೆಯದು.

ಈ ಕಲಿಕೆಗೆ ಅರ್ಥ ಬರಬೇಕಾದರೆ ಕ್ಯಾಮೆರಾವನ್ನು ರಾ ಕಡತಕ್ಕೆ (ಸೆನ್ಸರ್ ಹಿಡಿದ ಮಾಹಿತಿಯನ್ನು ಸಂಸ್ಕರಿಸದೆ ಇಡುವ ಕಡತ) ಹೊಂದಿಸಿರಬೇಕು. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 8 ಬಿಟ್, ಅಂದರೆ ಕಪ್ಪಿನಿಂದ ಪೂರ್ಣ ಬೆಳಕಿನವರೆಗೆ 256 ಹಂತಗಳು ಮಾತ್ರ. 14 ಬಿಟ್‌ನ ರಾ ಕಡತದಲ್ಲಿ 16,384 ಹಂತಗಳಿರುತ್ತವೆ. ಕತ್ತಲಲ್ಲಿ ಮುಳುಗಿದ ಮುಖವನ್ನು ಮೇಲೆತ್ತುವಾಗ ಚರ್ಮ ಪಟ್ಟೆಪಟ್ಟೆಯಾಗಿ ಒಡೆಯುವುದೋ ಇಲ್ಲವೋ ಎಂಬುದು ಬಹುಪಾಲು ಇದರ ಮೇಲೆಯೇ ನಿಂತಿದೆ.

ಇನ್ನು ದುಡ್ಡಿನ ಮಾತು. ಅಡೋಬಿ 2013ರಲ್ಲಿ ಫೋಟೊಶಾಪ್‌ನ ಹೊಸ ಆವೃತ್ತಿಗಳನ್ನು ಚಂದಾ ಪದ್ಧತಿಗೆ ತಂದಿತು; ಒಮ್ಮೆ ಹಣ ಕೊಟ್ಟು ಕೊಳ್ಳಬಹುದಾಗಿದ್ದ ಲೈಟ್‌ರೂಮ್ 6 ಆ ಸಾಲಿನ ಕೊನೆಯದು. ಚಂದಾ ನಿಲ್ಲಿಸಿದರೆ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚಿತ್ರಗಳನ್ನು ನೋಡಬಹುದು, ಹೊರತೆಗೆಯಬಹುದು. ಆದರೆ ತಿದ್ದುವ ವಿಭಾಗ ಮುಚ್ಚಿಕೊಳ್ಳುತ್ತದೆ. ವಾರಕ್ಕೆ ಎರಡು ಸಲ ಚಿತ್ರ ತೆಗೆಯುವವರಿಗೆ ಈ ಚಂದಾ ಹೊರೆಯೆನಿಸದು. ವರ್ಷಕ್ಕೆ ಒಂದು ಪ್ರವಾಸ, ಎರಡು ಮದುವೆಗಳಿಗಷ್ಟೇ ಕ್ಯಾಮೆರಾ ಹೊರತೆಗೆಯುವವರಿಗೆ ಅದು ದಂಡ. ಕ್ಯಾನನ್‌ನ ಡಿಜಿಟಲ್ ಫೋಟೊ ಪ್ರೊಫೆಷನಲ್, ನಿಕಾನ್‌ನ ಎನ್‌ಎಕ್ಸ್ ಸ್ಟುಡಿಯೊ ಆಯಾ ಕ್ಯಾಮೆರಾ ಇದ್ದವರಿಗೆ ಉಚಿತವಾಗಿಯೇ ಸಿಗುತ್ತವೆ, ಕ್ಯಾಮೆರಾದ ಪರದೆಯಲ್ಲಿ ಕಂಡ ಬಣ್ಣವನ್ನೇ ಹೆಚ್ಚುಕಡಿಮೆ ಹಾಗೆಯೇ ಕೊಡುತ್ತವೆ. ಡಾರ್ಕ್‌ಟೇಬಲ್ ಮತ್ತು ರಾಥೆರಪಿ ಮುಕ್ತ ತಂತ್ರಾಂಶಗಳಾಗಿದ್ದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತವೆ. ಫೋನಿನಲ್ಲೇ ಮುಗಿಸುವವರಿಗೆ ಸ್ನ್ಯಾಪ್‌ಸೀಡ್ ಸಾಕು. ನನ್ನ ಸಲಹೆಯಂತೂ ಮೊದಲ ಆರು ತಿಂಗಳು ಒಂದು ಪೈಸೆಯನ್ನೂ ಖರ್ಚು ಮಾಡಬೇಡಿ ಎಂಬುದೇ.

ಡಾರ್ಕ್‌ಟೇಬಲ್‌ನಲ್ಲಿ ಒಂದು ಚಿತ್ರವನ್ನು ತಿದ್ದುವ ಬಗೆಯನ್ನು ನೋಡೋಣ. ಯಕ್ಷಗಾನದ ತೆಂಕುತಿಟ್ಟು ಶೈಲಿಯ ಬಣ್ಣದ ವೇಷ (ರಾಕ್ಷಸ ಪಾತ್ರ); ಮುಖದ ತುಂಬ ಕೆಂಪು, ಅದರ ಮೇಲೆ ಅಕ್ಕಿಹಿಟ್ಟಿನಿಂದ ಇಟ್ಟ ಬಿಳಿ ಚುಟ್ಟಿಯ ಮುಳ್ಳುಗಳು, ಹಿಂದೆ ಕತ್ತಲು. ಹಿಂದಿನ ಕತ್ತಲನ್ನು ಕಂಡು ಮೋಸಹೋದ ಕ್ಯಾಮೆರಾ ವೇಷವನ್ನು ಅಗತ್ಯಕ್ಕಿಂತ ಹೆಚ್ಚು ಬೆಳಗಿಸಿರುತ್ತದೆ. ಆದ್ದರಿಂದ ಮೊದಲು ಎಕ್ಸ್‌ಪೋಷರ್ ಮಾಡ್ಯೂಲನ್ನು (ಚಿತ್ರದ ಬೆಳಕನ್ನು ಏರಿಸಿ ಇಳಿಸುವ ಸಾಧನ) ತೆರೆದು ಹಿಸ್ಟೋಗ್ರಾಮ್ ಕಡೆ, ಅಂದರೆ ಕಪ್ಪಿನಿಂದ ಬಿಳಿಯವರೆಗೆ ಯಾವ ಬೆಳಕು ಎಷ್ಟಿದೆ ಎಂದು ಎಡದಿಂದ ಬಲಕ್ಕೆ ತೋರಿಸುವ ನಕ್ಷೆಯ ಕಡೆ, ಕಣ್ಣಿಡಿ. ಹಸಿರು, ನೀಲಿ ಗೆರೆಗಳು ನಡುವಿನಲ್ಲಿದ್ದು ಕೆಂಪು ಗೆರೆಯೊಂದೇ ಬಲ ಅಂಚಿಗೆ ಒತ್ತಿಕೊಂಡಿದ್ದರೆ, ಕೆನ್ನೆಯ ಮೇಲಿನ ಬಣ್ಣದ ಎಳೆಗಳೆಲ್ಲ ಅಳಿಸಿ, ಮುಖದ ಮೇಲೆ ಕೆಂಪು ಕಾಗದ ಅಂಟಿಸಿದಂತೆ ಕಾಣುತ್ತಿರುತ್ತದೆ. ಎಕ್ಸ್‌ಪೋಷರನ್ನು ಅರ್ಧ ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ) ಇಳಿಸಿದಾಗ ಎಳೆಗಳು ಮರಳಿ ಬಂದರೆ ಸರಿ. ಬಾರದಿದ್ದರೆ ರಾ ಕಡತದಲ್ಲೇ ಅದು ಹೋಗಿದೆ ಎಂದರ್ಥ, ಯಾವ ತಂತ್ರಾಂಶವೂ ಅದನ್ನು ನಿಜವಾಗಿ ಹಿಂದಕ್ಕೆ ತಂದುಕೊಡಲಾರದು. ಮುಂದಿನ ಆಟದಲ್ಲಿ ಕ್ಯಾಮೆರಾದಲ್ಲೇ ಸ್ವಲ್ಪ ಕಡಿಮೆ ಬೆಳಕಿಗೆ ಹೊಂದಿಸಿ ತೆಗೆಯಬೇಕು.

ಎರಡನೆಯದು ಬಣ್ಣದ ಸಮತೋಲ. ಕಲರ್ ಕ್ಯಾಲಿಬ್ರೇಷನ್ ಮಾಡ್ಯೂಲಿನ ಪಿಕ್ಕರ್‌ನಿಂದ, ಚಿತ್ರದ ಅಂಚಿನಲ್ಲಿ ಕುಳಿತ ಚೆಂಡೆಯವರ ಬಿಳಿ ಪಂಚೆಯ ಮೇಲೆ ಒಂದು ಚೌಕ ಎಳೆಯಿರಿ. ರಂಗದ ಹಳದಿ ದೀಪದ ಛಾಯೆ ತಟ್ಟನೆ ಹೊರಟುಹೋಗುತ್ತದೆ. ಅದು ಪೂರ್ತಿ ಹೋದರೆ ರಾತ್ರಿಯ ಆಟ ಹಗಲಿನ ಸ್ಟುಡಿಯೊದಂತೆ ಕಂಡೀತು, ಹಾಗಾಗಿ ತುಸು ಹಳದಿಯನ್ನು ಬೇಕೆಂದೇ ಮರಳಿ ತನ್ನಿ. ಈ ಮಾಡ್ಯೂಲ್ ಬಳಸುತ್ತಿರುವಾಗ ಹಳೆಯ ವೈಟ್ ಬ್ಯಾಲೆನ್ಸ್ ಮಾಡ್ಯೂಲನ್ನು ಮುಟ್ಟಬಾರದು. ಎರಡೂ ಸೇರಿ ಬಣ್ಣವನ್ನು ಎರಡು ಸಲ ತಿದ್ದಿಬಿಡುತ್ತವೆ.

ಮೂರನೆಯದು ನಾಯ್ಸ್. ಕತ್ತಲಿಗಾಗಿ ಕ್ಯಾಮೆರಾದ ಬೆಳಕಿನ ಸಂವೇದನೆಯನ್ನು ಏರಿಸಿ, ಐಎಸ್ಒ 6400ರಲ್ಲಿ ತೆಗೆದ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಳುಗಳು ಕಾಣುವುದು ಸಹಜ. ಡಿನಾಯ್ಸ್ ಪ್ರೊಫೈಲ್ಡ್ ಮಾಡ್ಯೂಲ್ ನಿಮ್ಮ ಕ್ಯಾಮೆರಾ ಮಾದರಿಯನ್ನೂ ಐಎಸ್ಒವನ್ನೂ ನೋಡಿ ತಾನೇ ಅಳತೆ ಹಿಡಿಯುತ್ತದೆ. ಆದರೂ ನೂರು ಶೇಕಡಾಕ್ಕೆ ಹಿಗ್ಗಿಸಿ ಚುಟ್ಟಿಯ ಮುಳ್ಳುಗಳನ್ನು ಪರೀಕ್ಷಿಸಿ. ಅವು ಕರಗಿ ಮೇಣದಂತಾಗಿದ್ದರೆ ಪ್ರಮಾಣ ಹೆಚ್ಚಾಯಿತು. ಕಾಳು ಉಳಿದರೂ ಚಿಂತೆಯಿಲ್ಲ, ಮುಳ್ಳು ಉಳಿಯಬೇಕು. ಕ್ರಾಪ್, ನೇರಗೊಳಿಸುವುದು, ಮುಖದ ಸುತ್ತ ಮಾಸ್ಕ್ (ತಿದ್ದುಪಡಿ ಎಲ್ಲಿ ತಾಗಬೇಕೆಂಬ ಗುರುತು) ಹಾಕಿ ಹಿನ್ನೆಲೆಯನ್ನು ತುಸು ಕಪ್ಪಾಗಿಸುವುದು ಇವೆಲ್ಲ ಆಮೇಲಿನ ಕೆಲಸ. ಇವುಗಳಿಗೆ ಐದು ನಿಮಿಷಕ್ಕಿಂತ ಹೆಚ್ಚು ಬೇಡ.

ಹಿನ್ನೆಲೆ ಕಪ್ಪಾಗಿಸುವ ಈ ಸ್ವಾತಂತ್ರ್ಯ ಎಲ್ಲ ಕಡೆಯೂ ಸಿಗುವುದಿಲ್ಲ. ರಂಗನತಿಟ್ಟಿನಲ್ಲಿ ತೆಗೆದ ಕೊಕ್ಕರೆಯ ಚಿತ್ರವನ್ನು ಸಲೋನ್ (ಛಾಯಾಚಿತ್ರ ಪ್ರದರ್ಶನ) ಸ್ಪರ್ಧೆಯ ನಿಸರ್ಗ ವಿಭಾಗಕ್ಕೆ ಕಳುಹಿಸುವವರು, ಕೊಕ್ಕಿಗೆ ಅಡ್ಡ ಬಂದ ಒಂದು ಕಡ್ಡಿಯನ್ನು ಕ್ಲೋನ್ ಮಾಡಿ (ಪಕ್ಕದ ಭಾಗದ ನಕಲಿನಿಂದ ಮುಚ್ಚಿ) ಅಳಿಸಿದರೂ ಚಿತ್ರ ಅನರ್ಹವಾಗುತ್ತದೆ. ಕ್ರಾಪ್ ಮಾಡಬಹುದು, ಸೆನ್ಸರ್ ಮೇಲಿನ ದೂಳಿನ ಚುಕ್ಕೆ ತೆಗೆಯಬಹುದು.

ಕಡತಗಳನ್ನು ಇಡುವ ಬಗೆಯ ವಿಷಯದಲ್ಲಿ ನಾನು ಪಟ್ಟ ಪಾಡನ್ನು ಹೇಳಿಬಿಡುತ್ತೇನೆ. ಕ್ಯಾಟಲಾಗ್ (ಯಾವ ಚಿತ್ರ ಎಲ್ಲಿದೆ ಎಂಬ ಪಟ್ಟಿ) ಇಟ್ಟುಕೊಳ್ಳುವ ತಂತ್ರಾಂಶವೊಂದರಲ್ಲಿ ಎರಡು ವರ್ಷ ಕೆಲಸ ಮಾಡಿದ ಮೇಲೆ, ಒಂದು ಭಾನುವಾರ ಉತ್ಸಾಹದಿಂದ ಫೋಲ್ಡರ್‌ಗಳ ಹೆಸರುಗಳನ್ನೆಲ್ಲ ಹೊರಗಿನಿಂದಲೇ ಬದಲಿಸಿದೆ. ಮರುದಿನ ತೆರೆದರೆ ಪ್ರತಿ ಚಿತ್ರದ ಮೇಲೂ ಪ್ರಶ್ನಾರ್ಥಕ ಚಿಹ್ನೆ! ಒಂದೊಂದಾಗಿ ಮತ್ತೆ ಜೋಡಿಸಲು ಮೂರು ರಾತ್ರಿ ಬೇಕಾಯಿತು. ಹೆಸರು ಬದಲಿಸುವುದಿದ್ದರೆ ತಂತ್ರಾಂಶದ ಒಳಗಿನಿಂದಲೇ ಬದಲಿಸಬೇಕು. ಡಾರ್ಕ್‌ಟೇಬಲ್ ತಿದ್ದುಪಡಿಗಳನ್ನು ಚಿತ್ರದ ಪಕ್ಕದಲ್ಲೇ ಎಕ್ಸ್‌ಎಂಪಿ ಎಂಬ ಪುಟ್ಟ ಕಡತದಲ್ಲಿಯೂ ಬರೆಯುತ್ತದೆ. ಬ್ಯಾಕಪ್ ಮಾಡುವಾಗ ಇವು ಏನೋ ಕಸವೆಂದು ಬಿಟ್ಟುಬಿಡಬೇಡಿ.

ಕೊನೆಗೆ ಹೊರತೆಗೆಯುವುದು. ಪರದೆಯ ಮೇಲೆ ನೋಡಲು ಎಸ್‌ಆರ್‌ಜಿಬಿ (ಸಾಮಾನ್ಯ ಪರದೆಗಳಿಗೆ ಒಗ್ಗುವ) ಬಣ್ಣ, ಉದ್ದದ ಬದಿ 2048 ಪಿಕ್ಸೆಲ್, ಜೆಪೆಗ್ ಗುಣಮಟ್ಟ 90 ಸಾಕು. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವುದಾದರೆ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿ, ಇಲ್ಲವಾದರೆ ಅದು ಚಿತ್ರವನ್ನು ಕುಗ್ಗಿಸಿಬಿಡುವುದರಿಂದ ನಾಯ್ಸ್ ತೆಗೆಯಲು ಪಟ್ಟ ಶ್ರಮವೆಲ್ಲ ನೀರುಪಾಲು. 12×8 ಅಂಗುಲದ ಪ್ರಿಂಟ್‌ಗೆ ಅಂಗುಲಕ್ಕೆ 300ರಂತೆ 3600×2400 ಪಿಕ್ಸೆಲ್ ಬೇಕು. ದೊಡ್ಡದನ್ನು ಹಾಕಿಸುವ ಮೊದಲು ಅದೇ ಲ್ಯಾಬಿನಲ್ಲಿ ಒಂದು ಚಿಕ್ಕ ಪ್ರಿಂಟ್ ತೆಗೆಸಿ, ಕಿಟಕಿಯ ಬಳಿ ಹಗಲು ಬೆಳಕಿನಲ್ಲಿ ಹಿಡಿದು ನೋಡಿ. ಅದು ಪರದೆಯಲ್ಲಿ ಕಂಡದ್ದಕ್ಕಿಂತ ಕಪ್ಪಾಗಿದ್ದರೆ ಲ್ಯಾಬಿನವರ ಮೇಲೆ ಹರಿಹಾಯುವ ಮೊದಲು ಮಾನಿಟರಿನ ಹೊಳಪನ್ನು ಇಳಿಸಿ, ಚಿತ್ರವನ್ನು ಮತ್ತೊಮ್ಮೆ ತೆರೆಯಿರಿ.