ಮನೆಯ ಕೋಣೆಯೇ ಆಫೀಸಾದರೆ: ಅಮೆರಿಕದ ತೆರಿಗೆಯಲ್ಲಿ ಕಳೆಯುವ ಲೆಕ್ಕ

ಅಳತೆ ಟೇಪು ಹಿಡಿಯುವ ಮೊದಲು ಸಂಬಳದ ಕಾಗದ ನೋಡಿ. ಬರುವುದು ಡಬ್ಲ್ಯು-2 (ಕಂಪನಿ ನೌಕರರಿಗೆ ವರ್ಷಕ್ಕೊಮ್ಮೆ ಕೊಡುವ ಸಂಬಳ-ತೆರಿಗೆ ಪತ್ರ) ಆದರೆ, ವಾರವಿಡೀ ಮನೆಯಲ್ಲೇ ಕೂತು ದುಡಿದರೂ ಫೆಡರಲ್ (ಕೇಂದ್ರ ಸರ್ಕಾರದ) ತೆರಿಗೆಯಲ್ಲಿ ಕೋಣೆ, ಕುರ್ಚಿ, ಇಂಟರ್ನೆಟ್ ಯಾವುದರ ಖರ್ಚನ್ನೂ ಆದಾಯದಿಂದ ಕಳೆಯಲು ಬರುವುದಿಲ್ಲ. 2018ರಲ್ಲಿ ಮುಚ್ಚಿದ ಬಾಗಿಲಿಗೆ 2025ರ ಕಾನೂನು ಕಾಯಂ ಬೀಗ ಜಡಿದಿದೆ. ಎಚ್-1ಬಿ ಉದ್ಯೋಗ ವೀಸಾದಲ್ಲಿರುವ ನಮ್ಮವರೆಲ್ಲ ಈ ಸಾಲಿನವರೇ.

ಇವರಿಗಿರುವ ದಾರಿ ಕಂಪನಿಯಿಂದಲೇ ಹಣ ವಾಪಸ್ ಪಡೆಯುವುದು. ‘ಅಕೌಂಟಬಲ್ ಪ್ಲಾನ್’ (ಬಿಲ್ಲು ನೋಡಿ ಖರ್ಚು ತುಂಬಿಕೊಡುವ ವ್ಯವಸ್ಥೆ) ಇದೆಯೇ ಎಂದು ಎಚ್‌ಆರ್‌ನವರನ್ನು ಕೇಳಿ. ಖರ್ಚಾದ 60 ದಿನದೊಳಗೆ ಬಿಲ್ಲು ಕೊಟ್ಟು, ಹೆಚ್ಚಿಗೆ ಪಡೆದದ್ದನ್ನು 120 ದಿನದೊಳಗೆ ಮರಳಿಸಿದರೆ ತೆರಿಗೆಯಿಲ್ಲ. ಬಿಲ್ಲು ಕೇಳದೆ ತಿಂಗಳಿಗಿಷ್ಟು ಅಂತ ಕೊಟ್ಟರೆ ಅದು ಸಂಬಳವೇ. ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕೆ ಅಗತ್ಯವಾದ ಖರ್ಚು ತುಂಬಿಕೊಡುವುದು ಕಾರ್ಮಿಕ ಸಂಹಿತೆಯ 2802ನೇ ಸೆಕ್ಷನ್ ಪ್ರಕಾರ ಕಂಪನಿಯ ಹೊಣೆ. ಆ ರಾಜ್ಯದ ರಿಟರ್ನ್‌ನಲ್ಲಿ ಐಟಮೈಸ್ ಮಾಡುವವರು (ನಿಗದಿತ ಕಡಿತದ ಬದಲು ಖರ್ಚುಗಳನ್ನು ಒಂದೊಂದಾಗಿ ತೋರಿಸುವವರು), ಕಂಪನಿ ತುಂಬಿಕೊಡದ ಖರ್ಚಿನಲ್ಲಿ ಆದಾಯದ ಶೇ. 2 ಮೀರಿದಷ್ಟನ್ನು ಕಳೆಯಬಹುದು. ಆದರೆ ಕೇಳಿದ್ದರೆ ಕಂಪನಿ ಕೊಡುತ್ತಿದ್ದ ಹಣವನ್ನು ಕೇಳದೇ ಬಿಟ್ಟವರಿಗೆ ಇದೂ ಇಲ್ಲ.

ಶೆಡ್ಯೂಲ್ ಸಿ (ಕಸುಬಿನ ಲಾಭ-ನಷ್ಟದ ಫಾರ್ಮ್) ತುಂಬುವ ಸ್ವಂತ ಕಸುಬಿನವರ ಕಥೆ ಬೇರೆ. ಜಾಗ ಕಸುಬಿನ ಮುಖ್ಯ ಸ್ಥಳವಾಗಿರಬೇಕು, ತಪ್ಪದೆ ಬಳಕೆಯಲ್ಲಿರಬೇಕು, ಕಸುಬಿಗೆ ಮಾತ್ರ ಮೀಸಲಿರಬೇಕು. ಎಡವುವುದು ಆ ‘ಮಾತ್ರ’ದಲ್ಲಿ. ಊರಿಂದ ಅಪ್ಪ ಅಮ್ಮ ಬಂದಾಗ ಅದೇ ಕೋಣೆಯಲ್ಲಿ ಹಾಸಿಗೆ ಹಾಸಿದರೆ ಕ್ಲೇಮು ಹೋಯಿತು. ದೇವರ ಮಂಟಪ ಮೂಲೆಯಲ್ಲಿದ್ದರೆ ಅಷ್ಟು ತೊಂದರೆಯಿಲ್ಲ: ನಡುವೆ ಗೋಡೆ ಬೇಕಿಲ್ಲ, ಮಂಟಪದ ಭಾಗ ಬಿಟ್ಟು ಕೆಲಸದ ಜಾಗವನ್ನಷ್ಟೇ ಅಳೆಯಿರಿ.

1,500 ಚದರಡಿ ಬಾಡಿಗೆ ಮನೆಯಲ್ಲಿ 150 ಚದರಡಿ ಆಫೀಸು ಎನ್ನಿ, ಅಂದರೆ ಶೇ. 10. ಸರಳ ವಿಧಾನದಲ್ಲಿ ಚದರಡಿಗೆ 5 ಡಾಲರಿನಂತೆ 750 ಡಾಲರು ಆದಾಯದಿಂದ ಕಳೆಯಲು ಸಿಗುತ್ತದೆ. 300 ಚದರಡಿಗೇ ಮಿತಿ. ಫಾರ್ಮ್ 8829ರಲ್ಲಿ ನಿಜ ಖರ್ಚು ತೋರಿಸಿದರೆ? ಬಾಡಿಗೆ ತಿಂಗಳಿಗೆ 2,400, ಕರೆಂಟು-ಗ್ಯಾಸು 250 ಆದರೆ ವರ್ಷಕ್ಕೆ 31,800. ಅದರ ಹತ್ತರಲ್ಲೊಂದು 3,180. ಬಾಡಿಗೆ ಜೋರಿರುವ ಊರಲ್ಲಿ ಸರಳ ವಿಧಾನ ಸೋಮಾರಿತನಕ್ಕೆ ತೆರುವ ದಂಡ. ಕಸುಬಿನ ಆದಾಯ ಸಾಲದೆ ಮಿಕ್ಕ ಮೊತ್ತವನ್ನು 8829ರಲ್ಲಿ ಮುಂದಿನ ವರ್ಷಕ್ಕೆ ಒಯ್ಯಬಹುದು, ಸರಳ ವಿಧಾನದಲ್ಲಿ ಅದು ಅಲ್ಲಿಗೇ ಮುಗಿಯಿತು.

ಸ್ವಂತ ಮನೆಯಾದರೆ, ನಿಜ ಖರ್ಚಿನ ವಿಧಾನದಲ್ಲಿ ನೆಲದ ಬೆಲೆ ಬಿಟ್ಟು ಕಟ್ಟಡದ ಬೆಲೆಯಲ್ಲಿ ಆಫೀಸಿನ ಪಾಲನ್ನು 39 ವರ್ಷಕ್ಕೆ ಹಂಚಿ ಸವಕಳಿ (ಡಿಪ್ರಿಸಿಯೇಶನ್) ಹಾಕಬೇಕು. ಹಾಕಲು ಮರೆತರೂ ಮನೆ ಮಾರುವಾಗ ಹಾಕಿದಂತೆಯೇ ಲೆಕ್ಕ, ಲಾಭದ ಆ ಭಾಗಕ್ಕೆ ಶೇ. 25ರವರೆಗೆ ತೆರಿಗೆ. ಸರಳ ವಿಧಾನ ಬಳಸಿದ ವರ್ಷಗಳಿಗೆ ಮಾತ್ರ ಸವಕಳಿ ಸೊನ್ನೆ.